ಮೈಸೂರು-ವಂಗ ಕಾಲ್ಚೆಂಡಿನ ಸ್ಪರ್ಧೆಯೂ ಸಂತೋಷ್ ಪಾರಿತೋಷಕವೂ

ಗೆದ್ದ ಅರಸನು ನೆಡಿಸಿದ ಜಯಸ್ತಂಭವು ನೆಟ್ಟೆಡೆಯಲ್ಲಿಯೇ ನಿಲ್ಲುವುದು. ಅದು ಯಾವ ದೇಶದ್ದೆಂಬುದಕ್ಕೆ ಸ್ಥಳವೇ ಸಾಕ್ಷಿ. ಸಂಚಾರಿಯಾದ ಪಾರಿತೋಷಕವಾದರೋ ಗೆದ್ದವರೊಡನೆ ಊರೂರಿಗೆ ಹೋಗುವುದರಿಂದ, ಅದರ ಚರಿತ್ರೆಗೆ ವಿಜೇತರ ಹೆಸರೇ ಮುಖ್ಯಾಧಾರ. ಆ ಹೆಸರಿನ ಅರ್ಥವೇ ಕಾಲಾಂತರದಲ್ಲಿ ಬೇರೆಯಾಗಿದ್ದರೆ ಚರಿತ್ರಕಾರನು ಎಚ್ಚರದಿಂದಿರಬೇಕು. ಭಾರತದ ಪ್ರಾಂತಗಳ ಕಾಲ್ಚೆಂಡಿನ ಸ್ಪರ್ಧೆಯಲ್ಲಿ ‘ಮೈಸೂರು’ ಎಂಬ ಹೆಸರು ಇದಕ್ಕೆ ನಿದರ್ಶನವಾಗಿದೆ.

ಈ ಸ್ಪರ್ಧೆಯು 1941ರಲ್ಲಿ ಪ್ರಾರಂಭವಾಯಿತು. ಪೂರ್ವವಂಗದ ಸಂತೋಷ್ ಎಂಬಲ್ಲಿಯ ಜಮೀನುದಾರರಾಗಿದ್ದ ಮನ್ಮಥನಾಥ ರಾಯ್ ಚೌಧುರಿಯವರ ಸ್ಮರಣಾರ್ಥವಾಗಿ ಪಾರಿತೋಷಕಕ್ಕೆ ಆ ಹೆಸರು ಬಂದಿತು. ಇಲ್ಲಿ ‘ಸಂತೋಷ’ವು ಭಾವವಾಚಕವಲ್ಲ, ಸ್ಥಳನಾಮ. ಮೊದಲ ವರ್ಷ ವಂಗವೇ ಗೆದ್ದಿತು.

ಮೈಸೂರು 1946-47, 1952-53, 1967-68 ಮತ್ತು 1968-69ರಲ್ಲಿ ಒಟ್ಟು ನಾಲ್ಕು ಬಾರಿ ಜಯಶಾಲಿಯಾಯಿತು. ನಾಲ್ಕು ಅಂತಿಮ ಪಂದ್ಯಗಳಲ್ಲಿಯೂ ಪ್ರತಿಪಕ್ಷವು ವಂಗವೇ ಆಗಿದ್ದಿತು. ಇವುಗಳಲ್ಲಿ 1967-68ರದು ಕಟಕದಲ್ಲಿಯೂ, ಉಳಿದವು ಬೆಂಗಳೂರಿನಲ್ಲಿಯೂ ನಡೆದುವು. ವಂಗವೂ ಸುಮ್ಮನಿರಲಿಲ್ಲ, 1953-54, 1955-56, 1962-63ರ ಅಂತಿಮ ಪಂದ್ಯಗಳಲ್ಲಿ ಮೈಸೂರನ್ನು ಸೋಲಿಸಿತು. ಇವುಗಳಲ್ಲಿ ಕಡೆಯದು ನಡೆದುದು ಬೆಂಗಳೂರಿನಲ್ಲಿಯೇ.

ಈಗ ವಿಚಾರಣೀಯವಾದುದು ಇಷ್ಟು: ಗೆದ್ದ ಮೈಸೂರು ಯಾವುದು? 1946-47ರದು ಒಡೆಯರ ಸಂಸ್ಥಾನ. 1952-53ರದು ಸ್ವತಂತ್ರ ಭಾರತದ ಒಂದು ರಾಜ್ಯ. ಕಡೆಯ ಎರಡು ಗೆಲವುಗಳು 1956ರ ನವೆಂಬರ್ 1ರಂದು ಏಕೀಕೃತವಾದ ವಿಶಾಲ ರಾಜ್ಯಕ್ಕೆ ಸೇರಿದುವು. ಹಿರೇಹಳ್ಳಿಯಿರುವ ತುಮಕೂರು ಜಿಲ್ಲೆಯು ಮೂರು ಕಾಲಗಳಲ್ಲಿಯೂ ಮೈಸೂರಿನೊಳಗೇ ಇದ್ದಿತು. ಧಾರವಾಡವಾದರೋ ಮೊದಲೆರಡು ಕಾಲಗಳಲ್ಲಿ ಮುಂಬಯಿಗೂ, ಮಂಗಳೂರು ಮದರಾಸಿಗೂ ಸೇರಿದ್ದುವು. ಕನ್ನಡಿಗರೆಲ್ಲರ ಗೆಲವೆಂದು 1946-47ರದನ್ನು ಈಗ ಅಭಿಮಾನದಿಂದ ಹೇಳಬಹುದು. ಆದರೆ ಅಂದಿನ ಹೆಸರಿಗೆ ಇಂದಿನ ಎಲ್ಲೆಯನ್ನು ಆರೋಪಿಸುವುದು ಚರಿತ್ರೆಯಾಗದು.

ಇದಕ್ಕೆ ವಿಪರೀತವಾದ ದೋಷವೂ ಉಂಟು. 1973ರ ನವೆಂಬರ್ 1ರಂದು ರಾಜ್ಯವು ‘ಕರ್ಣಾಟಕ’ವೆಂಬ ಹೆಸರನ್ನು ತಾಳಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಕರ್ಣಾಟಕ ತಂಡವು ಮೇಘಾಲಯವನ್ನು 3-2 ಗೋಲುಗಳಿಂದ ಜಯಿಸಿತು. ಹೆಸರನ್ನು ಮಾತ್ರ ನೋಡುವವನಿಗೆ ಇದು ಪ್ರಥಮ ವಿಜಯ. ಪರಂಪರೆಯನ್ನು ಬಲ್ಲವನಿಗೆ ಐದನೆಯದು.

ಆದಕಾರಣ ಶಾಸನಪಾಠದಲ್ಲಿ ನಾವು ಅನುಸರಿಸುವ ಕ್ರಮವೇ ಇಲ್ಲಿಯೂ ಯುಕ್ತವಾದುದು: ಇದ್ದ ಹೆಸರನ್ನು ತಿದ್ದದೆ ಇಡುವುದು, ಅದು ಆ ಕಾಲದಲ್ಲಿ ಯಾವ ನಾಡನ್ನು ಹೇಳುತ್ತಿತ್ತೆಂಬುದನ್ನು ಪಕ್ಕದಲ್ಲಿ ಬರೆಯುವುದು.