ಬೇಸಿಗೆ ಅರಮನೆ ಮತ್ತು ಗರಿಯ ಚಪ್ಪರ

ಬೆಂಗಳೂರು ಕೋಟೆ ಹತ್ತಿರ ಟಿಪ್ಪುವಿನ ಬೇಸಿಗೆ ಅರಮನೆ ಇದೆಯಲ್ಲ, ಊರಿನ ಶಾಲೆಗಳಲ್ಲಿ ಓದಿದವರು ಬಹಳ ಜನ ಒಮ್ಮೆಯಾದರೂ ಸಾಲಿನಲ್ಲಿ ನಿಂತು ಅದನ್ನು ನೋಡಿ ಬಂದಿರುತ್ತಾರೆ. ಮರದ ಕಂಬ, ಮರದ ಕಮಾನು, ಒಳಗೆ ಕಾಲಿಟ್ಟರೆ ತಣ್ಣಗೆ. ಹೈದರಾಲಿ ಶುರು ಮಾಡಿಸಿದ್ದು, ಟಿಪ್ಪು 1791ರಲ್ಲಿ ಮುಗಿಸಿದ್ದು. ಅಲ್ಲಿನ ಬರಹವೊಂದು ಆ ಅರಮನೆಯನ್ನು ಸ್ವರ್ಗಕ್ಕೇ ಹೊಟ್ಟೆಕಿಚ್ಚು ತರಿಸುವಂಥದ್ದು ಅನ್ನುತ್ತದೆ. 1799ರಲ್ಲಿ ಟಿಪ್ಪು ತೀರಿಕೊಂಡ. ಮುಂದೆ ಬ್ರಿಟಿಷ್ ಆಡಳಿತದ ಕಾಲದಲ್ಲಿ ಅದೇ ಕಟ್ಟಡದಲ್ಲಿ ಸರ್ಕಾರದ ಕಚೇರಿ ಕೂತಿತು. 1868ರಲ್ಲಿ ಅಠಾರ ಕಚೇರಿ ಸಿದ್ಧವಾಗಿ ಎಲ್ಲರೂ ಅಲ್ಲಿಗೆ ಹೋದ ಮೇಲೆಯೇ ಅರಮನೆಗೆ ಕಡತಗಳಿಂದ ಬಿಡುಗಡೆ. ರಾಜ ಸೆಖೆ ಕಳೆಯಲೆಂದು ಕಟ್ಟಿದ ಮನೆಯಲ್ಲಿ ಗುಮಾಸ್ತರು ಬೆವರು ಒರೆಸಿಕೊಂಡು ಬರೆದರು, ಪಾಪ!

ನಾನು ಹೇಳಹೊರಟಿದ್ದು ಇನ್ನೊಂದು ಬಗೆಯ ಕಚೇರಿಯ ವಿಷಯ. ಆ ಅರಮನೆಯಿಂದ ನಡೆದುಕೊಂಡು ಹೋದರೆ ಕೆಲವೇ ನಿಮಿಷ, ಕೋಟೆ ಹೈಸ್ಕೂಲು. 1907ರ ಕಟ್ಟಡ. ಅದರ ಮೈದಾನದಲ್ಲಿ ಪ್ರತಿ ವರ್ಷ ಯುಗಾದಿ ಆಸುಪಾಸಿಗೆ ಗಳ ನೆಟ್ಟು, ಚಪ್ಪರ ಹಾಕಿ, ತಿಂಗಳಿಗೂ ಹೆಚ್ಚು ಕಾಲ ಸಂಗೀತ ಕಚೇರಿ ನಡೆಸುತ್ತಾರೆ. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ. ನನ್ನನ್ನು ಕೇಳಿದರೆ ಬೆಂಗಳೂರಿನ ಜನ ತಮಗೆ ತಾವೇ ಕಟ್ಟಿಕೊಂಡ ಬೇಸಿಗೆ ಅರಮನೆ ಅದು. ವರ್ಷಕ್ಕೊಮ್ಮೆ ಬಿಚ್ಚಿ ಎತ್ತಿಡುವ ಅರಮನೆ, ಅಷ್ಟೇ ವ್ಯತ್ಯಾಸ.

ಶುರುವಾದದ್ದು 1939ರಲ್ಲಿ. ಇದನ್ನು ಶುರು ಮಾಡಿದ್ದು ಮಹಾರಾಜರೂ ಅಲ್ಲ, ದಿವಾನರೂ ಅಲ್ಲ. ಚಾಮರಾಜಪೇಟೆಯ ಎಸ್.ವಿ. ನಾರಾಯಣಸ್ವಾಮಿ ರಾವ್ ಎಂಬ ಎಳೆಯ ಹುಡುಗ. ರಾಮನ ಪಟ ಇಟ್ಟು ಪೂಜೆ, ಪಾನಕ, ಕೋಸಂಬರಿ, ಜೊತೆಗೆ ಒಂದಿಷ್ಟು ಸಂಗೀತ. ನಮ್ಮೂರುಗಳಲ್ಲಿ ಇವತ್ತಿಗೂ ಹುಡುಗರು ಗಣಪತಿ ಕೂರಿಸೋಕೆ ರಸೀದಿ ಪುಸ್ತಕ ಹಿಡಿದು ಮನೆ ಮನೆ ಚಂದಾ ಎತ್ತುತ್ತಾರಲ್ಲ, ಆ ಜಾತಿಯ ಕೆಲಸವೇ. ಅದು ಎಂಬತ್ತು ವರ್ಷ ದಾಟಿ ನಡೆಯುತ್ತದೆ ಅಂತ ಆಗ ಯಾರು ಅಂದುಕೊಂಡಿರುತ್ತಾರೆ!

ಆ ವರ್ಷದ ವಿಶೇಷ ಗಮನಿಸಿ. 1939ರ ಸೆಪ್ಟೆಂಬರಿನಲ್ಲಿ ಎರಡನೇ ಮಹಾಯುದ್ಧ ಶುರು. ಮರುವರ್ಷ, 1940ರ ಆಗಸ್ಟಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಕಾಲವಾದರು. ಅಲ್ಲಿಯವರೆಗೆ ಮೈಸೂರು ಸಂಸ್ಥಾನದಲ್ಲಿ ಸಂಗೀತ ಅಂದರೆ ಅರಮನೆ. ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ವಾಸುದೇವಾಚಾರ್ಯರು ಎಲ್ಲರೂ ಆಸ್ಥಾನ ವಿದ್ವಾಂಸರು. ದರ್ಬಾರಿನಲ್ಲಿ ಕೂತು ಕೇಳೋ ಯೋಗ ಎಷ್ಟು ಜನಕ್ಕಿತ್ತು? ಅದರಲ್ಲಿ ಬಿಡಾರಂ ಕೃಷ್ಣಪ್ಪನವರದ್ದು ಸ್ವಲ್ಪ ಬೇರೆ ದಾರಿ. ಮೈಸೂರಿನಲ್ಲಿ ತಾವೇ ಪಾಡುಪಟ್ಟು ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿ, ಅಲ್ಲಿ ರಾಮೋತ್ಸವದ ಕಚೇರಿಗಳಿಗೆ ಜಾಗ ಮಾಡಿಕೊಟ್ಟರು. ರಾಮನ ಹೆಸರಿನಲ್ಲಿ ಬೇಸಿಗೆಯ ಸಂಗೀತ ಅನ್ನೋದು ಈ ಸೀಮೆಗೆ ಹೊಸದೇನಲ್ಲ ಅನ್ನಲು ಇದನ್ನು ಹೇಳಿದೆ.

ಬೆಂಗಳೂರಿನಲ್ಲಿ ಗಾಯನ ಸಮಾಜ 1905ರಲ್ಲೇ ಹುಟ್ಟಿತ್ತು. ಅದೇ 1905ರಲ್ಲಿ ಬೆಂಗಳೂರಿನ ಬೀದಿಗೆ ಕರೆಂಟು ದೀಪವೂ ಬಂತು. ನನಗೆ ಇವೆರಡನ್ನು ಒಟ್ಟಿಗೆ ನೋಡೋದು ಇಷ್ಟ. ಸಂಜೆ ಕಚೇರಿ ಮುಗಿಸಿ ಹೆಂಗಸರು ಮಕ್ಕಳು ರಾತ್ರಿ ನಡೆದು ಮನೆಗೆ ಹೋಗಬೇಕಾದರೆ ಬೀದಿಯಲ್ಲಿ ಬೆಳಕು ಬೇಡವೇ? 1892ರಲ್ಲಿ ಗೆರೆ ಹೊಡೆದು ಕಟ್ಟಿದ ಚಾಮರಾಜಪೇಟೆ ಇಂಥದ್ದಕ್ಕೆ ಹೇಳಿ ಮಾಡಿಸಿದ ಬಡಾವಣೆ. ಐದು ಮುಖ್ಯರಸ್ತೆ, ಒಂಬತ್ತು ಅಡ್ಡರಸ್ತೆ, ನೇರ ಬೀದಿಗಳು, ಮನೆ ಮುಂದೆ ಜಗಲಿ. ಕನ್ನಡ ಸಾಹಿತ್ಯ ಪರಿಷತ್ತೂ ಇಲ್ಲೇ ಬಂದು ನೆಲೆಯಾಯಿತು.

ಸರಿ, ಬೇಸಿಗೆಯೇ ಯಾಕೆ? ರಾಮ ಹುಟ್ಟಿದ್ದು ಚೈತ್ರದಲ್ಲಿ, ಅದಕ್ಕೆ ಅಂದುಬಿಡಬಹುದು. ಆದರೆ ಕಾರಣ ಅದೊಂದೇ ಆಗಿದ್ದರೆ ಎಲ್ಲಾ ಊರಲ್ಲೂ ಹೀಗೇ ಆಗಬೇಕಿತ್ತು. ಮದ್ರಾಸಿನಲ್ಲಿ ಸಂಗೀತದ ಕಾಲ ಡಿಸೆಂಬರ್. 1927ರ ಕಾಂಗ್ರೆಸ್ ಅಧಿವೇಶನದ ಜೊತೆ ನಡೆದ ಸಂಗೀತ ಸಮ್ಮೇಳನದಿಂದ, 1928ರ ಮ್ಯೂಸಿಕ್ ಅಕಾಡೆಮಿಯಿಂದ ಆ ಪದ್ಧತಿ ಬಂದದ್ದು. ಏಪ್ರಿಲ್ಲಿನ ಮದ್ರಾಸಿನಲ್ಲಿ ರೇಷ್ಮೆ ಸೀರೆ ಉಟ್ಟು ಮೂರು ಗಂಟೆ ಬಯಲಲ್ಲಿ ಕೂರೋದು ಶಿಕ್ಷೆ. ಬೆಂಗಳೂರು ಒಂಬೈನೂರು ಮೀಟರು ಎತ್ತರದಲ್ಲಿದೆ. ಹಗಲು ಎಷ್ಟೇ ಉರಿದರೂ ಹೊತ್ತು ಮುಳುಗಿದ ಮೇಲೆ ಗಾಳಿ ತಿರುಗುತ್ತದೆ. ಶಾಲೆಗೆ ರಜ, ಮೈದಾನ ಖಾಲಿ. ಪರೀಕ್ಷೆ ಮುಗಿಸಿದ ಹುಡುಗರು ಕುರ್ಚಿ ಜೋಡಿಸೋಕೆ, ನೀರು ಹೊರೋಕೆ ಸಿಗುತ್ತಾರೆ. ರಾತ್ರಿ ರೈಲು ಹತ್ತಿದರೆ ಮದ್ರಾಸಿನ ವಿದ್ವಾಂಸರು ಬೆಳಗ್ಗೆ ಇಲ್ಲಿ. ತಂಪು ಹವೆ, ಒಳ್ಳೆ ಕಾಫಿ, ಕೇಳೋಕೆ ಸಾವಿರಾರು ಜನ. ಯಾರು ಬೇಡ ಅಂತಾರೆ?

ಹಾಗೆ ಬಂದವರ ಪಟ್ಟಿ ದೊಡ್ಡದು. ಚೆಂಬೈ, ಸೆಮ್ಮಂಗುಡಿ, ಎಂ.ಎಸ್. ಸುಬ್ಬುಲಕ್ಷ್ಮಿ, ಬಾಲಮುರಳಿಕೃಷ್ಣ, ಲಾಲ್ಗುಡಿ ಜಯರಾಮನ್. ನಮ್ಮವರೇ ಆದ ಆರ್.ಕೆ. ಶ್ರೀಕಂಠನ್, ವೀಣೆ ದೊರೆಸ್ವಾಮಿ ಅಯ್ಯಂಗಾರ್. ಉತ್ತರಾದಿಯಲ್ಲಿ ಭೀಮಸೇನ ಜೋಶಿ. ಯೇಸುದಾಸ್ ಕಚೇರಿ ದಿನವಂತೂ ಕೇಳಲೇಬೇಡಿ, ಜನಜಾತ್ರೆ.

ಇಷ್ಟು ಜನಕ್ಕೆ ಬಯಲಲ್ಲಿ ಹಾಡು ಕೇಳಿಸೋದು ಹೇಗೆ ಅನ್ನೋದೂ ಒಂದು ಇತಿಹಾಸವೇ. ಮೈಕಿಲ್ಲದ ಕಾಲದಲ್ಲಿ ಬಯಲು ಅಂದರೆ ನಾಗಸ್ವರ. ಇಲ್ಲವೇ ಗಂಟಲು ಗಟ್ಟಿ ಇದ್ದ ಹರಿಕಥೆ ದಾಸರು. ವೀಣೆಯ ನಾದ ಮೂರನೇ ಸಾಲಿಗೆ ಬರೋಷ್ಟರಲ್ಲಿ ಸೋತುಹೋಗುತ್ತಿತ್ತು. ಪಿಟೀಲು ಚೌಡಯ್ಯನವರು ಹಿಂದಿನ ಸಾಲಿಗೂ ಕೇಳಬೇಕು ಅಂತಲೇ ನಾಲ್ಕು ತಂತಿಯ ಜೊತೆಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಇವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರು ಅನ್ನೋದು ನಿಮಗೆ ಗೊತ್ತೇ ಇರುತ್ತದೆ. ಆಮೇಲೆ ಮೈಕು ಬಂತು. ಹಾಡುವವರು ಶ್ರುತಿ ಇಳಿಸಿಕೊಂಡು ಆರಾಮಾಗಿ ಹಾಡುವಂತಾಯಿತು. ಮೈದಾನ ತುಂಬ ಜನ ಕೂರುವಂತಾಯಿತು. ಮುಖ್ಯವಾಗಿ, ಕಾಂಪೌಂಡಿನ ಆಚೆ ನಿಂತವರಿಗೂ ಕೇಳುವಂತಾಯಿತು.

ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾಗೋದು ಈ ಆಚೆ ನಿಂತವರೇ. ಮುಂದಿನ ಸಾಲಿನವರ ಬಗ್ಗೆ ಪೇಪರಿನಲ್ಲಿ ಬರುತ್ತದೆ. ಗೋಡೆಗೆ ಸೈಕಲ್ ಒರಗಿಸಿ, ಸೀಟಿನ ಮೇಲೆ ಕೈಯೂರಿ, ಒಂದು ರಾಗ ಪೂರ್ತಿ ನಿಂತೇ ಕೇಳಿದವನ ಬಗ್ಗೆ ಯಾರು ಬರೆದಿದ್ದಾರೆ? ಆಕಾಶವಾಣಿ ಬೆಂಗಳೂರಿಗೆ ಬಂದದ್ದೇ 1955ರಲ್ಲಿ. ಗ್ರಾಮೊಫೋನು ಸಾಹುಕಾರರ ಮನೆಯ ವಸ್ತು, ಅದರಲ್ಲೂ ಒಂದು ಮಗ್ಗುಲು ಅಂದರೆ ಮೂರೂಕಾಲು ನಿಮಿಷ. ಪೇಟೆಯಲ್ಲಿ ಲೆಕ್ಕ ಬರೆಯುವ ಗುಮಾಸ್ತ, ಬಾಡಿಗೆ ಕೋಣೆಯ ವಿದ್ಯಾರ್ಥಿ, ಹೋಟೆಲ್ ಮಾಣಿ, ಇವರಿಗೆಲ್ಲ ಒಂದು ಪೂರ್ತಿ ಪಲ್ಲವಿ ಕೇಳೋ ಅವಕಾಶ ವರ್ಷಕ್ಕೊಮ್ಮೆ, ಈ ಚಪ್ಪರದ ಹೊರಗೆ. ಒಳಗೆ ಟಿಕೆಟ್ ಇದ್ದರೂ ಗಾಳಿಗೆ ಟಿಕೆಟ್ ಇಲ್ಲವಲ್ಲ.

ಹೊರಗಿನ ಸಭೆಗೆ ಅದರದ್ದೇ ರೀತಿ ರಿವಾಜು. ನಮ್ಮ ಗೆಳೆಯರ ಗುಂಪೂ ಕೆಲವು ವರ್ಷ ಅಲ್ಲಿಯ ಸದಸ್ಯತ್ವ ಪಡೆದಿತ್ತು :-) ಐದು ಜನರಲ್ಲಿ ರಾಗ ಗೊತ್ತಿದ್ದವನು ಒಬ್ಬನೇ. ಆಲಾಪನೆ ಶುರುವಾದ ಕೂಡಲೇ ಉಳಿದ ನಾಲ್ವರೂ ಅವನ ಮುಖ ನೋಡೋದು. ಅವನು ಗೊತ್ತಿಲ್ಲದಿದ್ದರೂ ಕಣ್ಣು ಮುಚ್ಚಿ ತಲೆಯಾಡಿಸಿ ಕಾಲ ತಳ್ಳೋದು. ಕೊನೆಗೆ ಪಕ್ಕದಲ್ಲಿ ನಿಂತ ಯಾರೋ ಹಿರಿಯರು ಮೆಲ್ಲಗೆ "ಶಂಕರಾಭರಣ ಕಣಪ್ಪಾ" ಅನ್ನೋರು. ತನಿ ಆವರ್ತನ ಶುರುವಾದರೆ ಒಳಗೆ ಕೆಲವರು ಎದ್ದು ಕಾಫಿಗೆ ಹೋಗುತ್ತಾರೆ, ಹೊರಗೆ ಮಾತ್ರ ಯಾರೂ ಅಲುಗಾಡೋಲ್ಲ. ಮೃದಂಗ ಅರ್ಥವಾಗೋಕೆ ಸಾಹಿತ್ಯ ಬೇಕಿಲ್ಲ ನೋಡಿ. ಕಡಲೆಕಾಯಿ ಪೊಟ್ಟಣ ಒಂದು ಕೈಯಿಂದ ಇನ್ನೊಂದು ಕೈಗೆ. ತೊಡೆ ಮೇಲೆ ತಾಳ ಹಾಕಿದ ಗುರುತು ಪ್ಯಾಂಟಿನ ಮೇಲೆ ಉಪ್ಪಾಗಿ ಉಳಿಯೋದು.

ಇನ್ನು ಪಾನಕ. ಬೆಲ್ಲ, ಏಲಕ್ಕಿ, ಶುಂಠಿ, ಮೆಣಸು, ನಿಂಬೆಹಣ್ಣು, ಇಷ್ಟೇ. ಬೇಲದ ಹಣ್ಣು ಅಥವಾ ಕರಬೂಜ ಸಿಕ್ಕರೆ ಅದರದ್ದೂ ಉಂಟು. ನೆನೆಸಿದ ಹೆಸರುಬೇಳೆಗೆ ಸೌತೆಕಾಯಿ, ಮಾವಿನಕಾಯಿ ತುರಿ, ತೆಂಗಿನ ತುರಿ. ಇಂಗು, ಕರಿಬೇವು ಹಾಕಿದ ನೀರುಮಜ್ಜಿಗೆ. ಒಲೆ ಹೊತ್ತಿಸೋ ಕೆಲಸ ಹೆಚ್ಚೇನೂ ಇಲ್ಲದ ಅಡುಗೆ ಇದು, ಬೇಸಿಗೆಗೆ ಅದೇ ಸರಿ. ಬೀಸಣಿಗೆ ದಾನ ಕೊಡೋ ಪದ್ಧತಿಯೂ ಈ ದಿನಗಳದ್ದೇ. ಹಳೇ ಶಾಸನಗಳಲ್ಲಿ ಅರವಂಟಿಗೆ ಇಟ್ಟವರ ಹೆಸರು ಬರುತ್ತದೆ. ದಾರಿಹೋಕರಿಗೆ ನೀರು ಕೊಡೋದನ್ನು ಕಲ್ಲಿನಲ್ಲಿ ಬರೆಸುವಷ್ಟು ದೊಡ್ಡ ಕೆಲಸ ಅಂದುಕೊಂಡಿದ್ದ ನಾಡು ನಮ್ಮದು. ಪಾನಕದ ಸಾಲಿನಲ್ಲಿ ನಿಂತವನನ್ನು ಯಾವ ಬೀದಿ, ಯಾರ ಮನೆ ಅಂತ ಯಾರೂ ಕೇಳೋಲ್ಲ. ಎರಡನೇ ಸಲ ಬಂದರೆ ಮಾತ್ರ ಬಡಿಸೋ ಹುಡುಗ ಒಂದು ನಗೆ ನಗುತ್ತಾನೆ.

ಹಾಗಂತ ಇಡೀ ಬೆಂಗಳೂರೇ ಆ ಚಪ್ಪರದ ಕೆಳಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ಶಾಸ್ತ್ರೀಯ ಸಂಗೀತದ ಸಭೆ ಅಂದರೆ ಯಾವ ಮನೆಗಳ ಜನ ಹೆಚ್ಚು ಅನ್ನೋದು ನಮಗೆಲ್ಲ ಗೊತ್ತಿದೆ. ರಾಮನವಮಿಯಾಗಿ ಆರನೇ ದಿನಕ್ಕೆ ಚೈತ್ರದ ಹುಣ್ಣಿಮೆ. ಅವತ್ತು ರಾತ್ರಿ ಸ್ವಲ್ಪ ದೂರದ ಧರ್ಮರಾಯನ ಗುಡಿಯಿಂದ ಕರಗ ಹೊರಡುತ್ತದೆ. ತಿಗಳರ ವೀರಕುಮಾರರು ಕತ್ತಿ ಹಿಡಿದು ಜೊತೆಗೆ, ಮಲ್ಲಿಗೆ ವಾಸನೆ ಪೇಟೆ ಪೂರಾ, ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿ ಬರೋ ಪದ್ಧತಿ. ಒಂದೇ ಊರು, ಒಂದೇ ಪಕ್ಷ, ಅಲ್ಲಿ ಕೂತು ಕೇಳೋದು, ಇಲ್ಲಿ ರಾತ್ರಿಯಿಡೀ ಜೊತೆಗೆ ನಡೆಯೋದು. ಎರಡಕ್ಕೂ ಹೋಗುವವರು ಇದ್ದರು, ಇದ್ದಾರೆ. ಸಂಖ್ಯೆ ಕಮ್ಮಿ. ಬೆಂಗಳೂರಿನ ಬೇಸಿಗೆ ಪೂರ್ತಿ ನೋಡಬೇಕು ಅನ್ನೋರು ಎರಡನ್ನೂ ಬಿಡಬೇಡಿ.

ಚಾಮರಾಜಪೇಟೆ ನೋಡಿ ಮಿಕ್ಕ ಬಡಾವಣೆಗಳೂ ಸುಮ್ಮನೆ ಕೂರಲಿಲ್ಲ. ಶೇಷಾದ್ರಿಪುರ, ಮಲ್ಲೇಶ್ವರ, ಬಸವನಗುಡಿ, ರಾಜಾಜಿನಗರ ಎಲ್ಲಾ ಕಡೆ ರಾಮೋತ್ಸವದ ಕಚೇರಿಗಳು. ಸೈಕಲ್ ಇದ್ದವನು ಒಂದೇ ಸಂಜೆ ಎರಡು ಚಪ್ಪರ ಮುಟ್ಟಿ ಬರಬಹುದಿತ್ತು. 1980ರಲ್ಲಿ ಮಲ್ಲೇಶ್ವರದ ಹತ್ತಿರ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ ಎದ್ದಿತು. ಒಳ್ಳೆ ಕುರ್ಚಿ, ಒಳ್ಳೆ ಧ್ವನಿ. ಆದರೆ ಅದರ ಗೋಡೆಗೆ ಸೈಕಲ್ ಒರಗಿಸಿದರೆ ಏನೂ ಕೇಳಿಸೋಲ್ಲ!

ಬಯಲಿನ ಕಚೇರಿಗೆ ನಿಜವಾದ ಕತ್ತರಿ ಬಿದ್ದದ್ದು 2000ದ ಶಬ್ದಮಾಲಿನ್ಯ ನಿಯಮಗಳಿಂದ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಇಲ್ಲ. ನಿಯಮ ತಪ್ಪು ಅನ್ನೋಕೆ ಆಗೋಲ್ಲ. ಪಕ್ಕದಲ್ಲೇ ದೊಡ್ಡ ಆಸ್ಪತ್ರೆಗಳಿವೆ, ರಾತ್ರಿ ಎರಡಕ್ಕೆ ಸಿನಿಮಾ ಹಾಡು ಹಾಕೋರನ್ನು ನಾವೇ ಬೈದಿದ್ದೇವೆ. ಆದರೂ ಮುಖ್ಯ ಕೃತಿ ಮುಗಿದ ಮೇಲೆ, ಜನ ತೆಳುವಾದ ಮೇಲೆ, ಹಾಡುವವರು ತಮಗೋಸ್ಕರ ಹಾಡಿಕೊಳ್ಳುವ ಒಂದು ಹೊತ್ತಿತ್ತು. ದೇವರನಾಮ, ಜಾವಳಿ, ಯಾರೋ ಚೀಟಿ ಕಳಿಸಿ ಕೇಳಿದ್ದು. ಹಳೇ ಸ್ಪೂಲ್ ಟೇಪುಗಳಲ್ಲಿ ಆ ಹೊತ್ತು ಇನ್ನೂ ಸಿಗುತ್ತದೆ, ಹಿಂದೆ ಎಲ್ಲೋ ಮಗು ಅಳೋದು, ಲಾರಿ ಹಾರನ್ನು ಎಲ್ಲಾ ಸೇರಿ. ಗಡಿಯಾರ ನೋಡಿ ಹಾಡುವ ಕಚೇರಿಯಲ್ಲಿ ಅದಕ್ಕೆ ಜಾಗ ಕಷ್ಟ.

ಹವೆಯೂ ಮೊದಲಿನ ಹಾಗಿಲ್ಲ. 2016ರ ಏಪ್ರಿಲ್ಲಿನಲ್ಲಿ ಬೆಂಗಳೂರು 39.2 ಡಿಗ್ರಿ ಮುಟ್ಟಿತು. 1931ರ ಮೇ ತಿಂಗಳ 38.9ರ ದಾಖಲೆ ಮುರಿದುಹೋಯಿತು. ಹೊರಗೆ ನಿಲ್ಲೋಕೆ ರಸ್ತೆಯಲ್ಲಿ ಜಾಗವೂ ಇಲ್ಲ, ಬಸ್ಸು ಆಟೋ ಸದ್ದಿನಲ್ಲಿ ಗಮಕ ಹುಡುಕಬೇಕು. ಒಂದು ಅನುಕೂಲ ಆಗಿದೆ. 2017ರಲ್ಲಿ ಕೆ.ಆರ್. ಮಾರ್ಕೆಟ್ ಮೆಟ್ರೋ ನಿಲ್ದಾಣ ಶುರುವಾದ ಮೇಲೆ ದೂರದ ಬಡಾವಣೆಯವರೂ ಬಂದು ಹೋಗಬಹುದು. 2020ರಲ್ಲಿ ಮಾತ್ರ ಏಪ್ರಿಲ್ 2ಕ್ಕೆ ರಾಮನವಮಿ, ಮಾರ್ಚ್ 25ರಿಂದಲೇ ದೇಶಕ್ಕೆ ಬೀಗ. ಆ ವರ್ಷ ಮನೆಯಲ್ಲೇ ಮಾಡಿದ ಪಾನಕ ಯಾಕೋ ರುಚಿಸಲಿಲ್ಲ ಅಂತ ನನಗೆ ಮೂರು ಜನ ಹೇಳಿದ್ದಾರೆ.

ಕೊನೆಗೆ ಒಂದು ಕೋರಿಕೆ. ಈ ಮಂಡಳಿಗಳ ಇತಿಹಾಸ ಬಹಳಷ್ಟು ಪುಸ್ತಕಗಳಲ್ಲಿಲ್ಲ. ಅಜ್ಜನ ಕಬ್ಬಿಣದ ಪೆಟ್ಟಿಗೆಯಲ್ಲಿ, ಪಂಚಾಂಗದ ಹಾಳೆಗಳ ನಡುವೆ ಮಡಿಸಿಟ್ಟ ಆಹ್ವಾನಪತ್ರಿಕೆಗಳಲ್ಲಿದೆ. ಹಳದಿ ಅಥವಾ ಗುಲಾಬಿ ಕಾಗದ, ಮೇಲೆ ಪಟ್ಟಾಭಿಷೇಕದ ಚಿತ್ರ, ಕೆಳಗೆ ತಾರೀಖು, ಹಾಡುವವರು, ಪಕ್ಕವಾದ್ಯದವರ ಹೆಸರು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಅಜ್ಜ ರಾಗ ಬರೆದಿಟ್ಟಿದ್ದರೂ ಇಟ್ಟಿರಬಹುದು. ಹಳೇ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವಾಗ ಮೊದಲು ರದ್ದಿಗೆ ಹೋಗೋದು ಇವೇ. ನಿಮ್ಮ ಮನೆಯಲ್ಲಿ ಅಂಥದ್ದು ಸಿಕ್ಕರೆ ಎರಡೂ ಮಗ್ಗುಲಿನ ಫೋಟೋ ತೆಗೆದಿಡಿ. ಹಿಂಬದಿ ಮರೀಬೇಡಿ.