ಜ್ವಾಲಾಮುಖಿಗಳು ಕೊಲ್ಲುವ ಬಗೆ

ಜ್ವಾಲಾಮುಖಿ ಎಂದಕೂಡಲೇ ಕಣ್ಣ ಮುಂದೆ ಬರುವುದು ಬೆಟ್ಟದ ಇಳಿಜಾರಿನಲ್ಲಿ ಕೆಂಪಗೆ ಹರಿಯುವ ಲಾವಾ. ಆದರೆ ಚರಿತ್ರೆಯ ಘೋರ ಸ್ಫೋಟಗಳಲ್ಲಿ ಸತ್ತವರ ಲೆಕ್ಕ ತೆಗೆದರೆ ಲಾವಾಕ್ಕೆ ಸಿಕ್ಕವರು ತೀರ ಕಡಿಮೆ. ಎಷ್ಟೋ ಸಲ ಅದರಿಂದ ನಡೆದುಕೊಂಡೇ ತಪ್ಪಿಸಿಕೊಳ್ಳಬಹುದು. ಹೆಚ್ಚು ಜನರನ್ನು ಕೊಂದದ್ದು ಬಿಸಿ ಬೂದಿಯ ಮೋಡ, ಕಡಲಿನ ಅಲೆ, ಕೆಸರು ಮತ್ತು ಹಸಿವು. ಇವನ್ನು ಒಂದೊಂದಾಗಿ ಗುರುತಿಸುವುದೇ ಜ್ವಾಲಾಮುಖಿ ವಿಜ್ಞಾನದ ಕಥೆ.

ಕ್ರಿ.ಶ. 79ರಲ್ಲಿ ಇಟಲಿಯ ವೆಸೂವಿಯಸ್ ಸಿಡಿದಾಗ ಕಿರಿಯ ಪ್ಲಿನಿಗೆ ಹದಿನೇಳು ವರ್ಷ. ಜನರನ್ನು ಪಾರುಮಾಡಲು ಹಡಗು ಹತ್ತಿದ ಸೋದರಮಾವ ಹಿರಿಯ ಪ್ಲಿನಿ ಮರಳಿ ಬರಲಿಲ್ಲ. ಹುಡುಗ ತಾನು ಕಂಡದ್ದನ್ನು ಮುಂದೆ ಇತಿಹಾಸಕಾರ ಟ್ಯಾಸಿಟಸ್‌ಗೆ ಎರಡು ಪತ್ರಗಳಲ್ಲಿ ಬರೆದ. ಬೂದಿಯ ಕಂಬ ಮುಗಿಲಿಗೇರುವ ಅಂಥ ಸ್ಫೋಟಗಳನ್ನು ಇಂದಿಗೂ ಪ್ಲಿನಿಯನ್ ಎಂದೇ ಕರೆಯುತ್ತಾರೆ.

ಹಸಿವಿನ ಪಾಠ ಬಂದದ್ದು ಬಹಳ ತಡವಾಗಿ. 1783ರಲ್ಲಿ ಐಸ್‌ಲ್ಯಾಂಡಿನ ಲಾಕಿಯಲ್ಲಿ ನೆಲ ಬಿರಿದು ಎಂಟು ತಿಂಗಳು ವಿಷಗಾಳಿ ಉಗುಳಿತು. ಫ್ಲೋರಿನ್ ಕೂತ ಹುಲ್ಲು ಮೇಯ್ದ ದನ, ಕುರಿಗಳು ಸತ್ತವು; ಅವುಗಳ ಹಿಂದೆಯೇ ದೇಶದ ಐದನೇ ಒಂದು ಪಾಲು ಜನ ಹೋದರು. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರ ಸಿಡಿದಾಗಲೂ ಹಾಗೆಯೇ ಆಯಿತು. ದಾಖಲೆಯಲ್ಲಿರುವ ಅತಿ ಹೆಚ್ಚು ಜೀವ ತೆಗೆದ ಸ್ಫೋಟ ಅದು. ಅಲ್ಲಿ ಸಿಡಿತಕ್ಕೆ ಸಿಕ್ಕವರಿಗಿಂತ ಆಮೇಲೆ ಕ್ಷಾಮ, ರೋಗಗಳಿಂದ ಸತ್ತವರು ಎಷ್ಟೋ ಪಟ್ಟು ಹೆಚ್ಚು. ಮರುವರ್ಷ ಯುರೋಪಿಗೆ, ಅಮೆರಿಕದ ಈಶಾನ್ಯ ಭಾಗಕ್ಕೆ ಬೇಸಿಗೆಯೇ ಬರಲಿಲ್ಲ. ಅದಕ್ಕೆ ತಂಬೋರ ಕಾರಣವೆಂದು ಆಗ ಯಾರಿಗೂ ಹೊಳೆದಿರಲಿಲ್ಲ.

1883ರ ಆಗಸ್ಟ್ 27ರಂದು ಅದೇ ಇಂಡೋನೇಷ್ಯಾದ ಕ್ರಕಟೋವ ಸಿಡಿಯುವ ಹೊತ್ತಿಗೆ ತಂತಿ ಜಾಲ ಬಂದಿತ್ತು. ಸುದ್ದಿ ಕೆಲವೇ ದಿನಗಳಲ್ಲಿ ಜಗತ್ತನ್ನೆಲ್ಲ ಮುಟ್ಟಿತು. ಸತ್ತ 36 ಸಾವಿರಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಸುನಾಮಿಗೆ ಸಿಕ್ಕವರು. ಗಾಳಿಯ ಒತ್ತಡದ ಅಲೆ ಭೂಮಿಯನ್ನು ಹಲವು ಸಲ ಸುತ್ತಿದ್ದನ್ನು ದೂರದೂರದ ವಾಯುಭಾರಮಾಪಕಗಳು ಗುರುತು ಹಾಕಿಕೊಂಡವು.

ನನ್ನನ್ನು ಹೆಚ್ಚು ಕಾಡುವುದು ಮಾರ್ಟಿನಿಕ್ ದ್ವೀಪದ ಸೇಂಟ್ ಪಿಯರ್ ಪಟ್ಟಣ. 1902ರಲ್ಲಿ ಪೆಲೆ ಪರ್ವತ ವಾರಗಟ್ಟಲೆ ಹೊಗೆಯಾಡಿತು. ಬೀದಿಗಳಲ್ಲಿ ಬೂದಿ ಕೂತಿತು. ಮೇ 5ರಂದು ಕುದಿಯುವ ಕೆಸರು ಸಕ್ಕರೆ ಕಾರ್ಖಾನೆಯೊಂದನ್ನು ನುಂಗಿತು. ಆದರೂ ಸುತ್ತಲಿನ ಹಳ್ಳಿಯವರು ರಕ್ಷಣೆಗೆಂದು ಪಟ್ಟಣಕ್ಕೇ ಬಂದು ಸೇರಿದರು. ಭಯಪಡಬೇಕಾದದ್ದು ಲಾವಾಕ್ಕೆ, ಅದು ಇಷ್ಟು ದೂರ ಬರಲಾರದೆಂಬ ಧೈರ್ಯ ಅವರದು. ಮೇ 8ರ ಬೆಳಿಗ್ಗೆ ಎಂಟರ ಹೊತ್ತಿಗೆ ಸುಡು ಅನಿಲ ಮತ್ತು ಬೂದಿಯ ಮೋಡ ಇಳಿಜಾರಿಗೆ ಅಂಟಿಕೊಂಡೇ ಉರುಳಿ ಬಂತು. ನಿಮಿಷಗಳಲ್ಲಿ ಸುಮಾರು 28 ಸಾವಿರ ಜನ ಇಲ್ಲವಾದರು. ಬದುಕುಳಿದ ಕೆಲವೇ ಕೆಲವರಲ್ಲಿ ಒಬ್ಬ, ದಪ್ಪ ಕಲ್ಲುಗೋಡೆಯ ಕೋಣೆಯಲ್ಲಿದ್ದ ಕೈದಿ ಸಿಪಾರಿಸ್.

ಫ್ರೆಂಚ್ ವಿಜ್ಞಾನಿ ಆಲ್ಫ್ರೆಡ್ ಲಕ್ರುವಾ ತಿಂಗಳುಗಟ್ಟಲೆ ಅಲ್ಲಿದ್ದು ಆ ಉರಿಮೋಡವನ್ನು ವರ್ಣಿಸಿದ. ಅಮೆರಿಕದ ಥಾಮಸ್ ಜಾಗರ್ ಆ ಬೂದಿಯಲ್ಲಿ ನಡೆದಾಡಿ, ದುರಂತ ಮುಗಿದ ಮೇಲೆ ಓಡಿಬರುವುದರಲ್ಲಿ ಅರ್ಥವಿಲ್ಲ, ಬೆಟ್ಟದ ಪಕ್ಕದಲ್ಲೇ ಕೂತು ಕಾಯಬೇಕು ಎಂಬ ತೀರ್ಮಾನಕ್ಕೆ ಬಂದ. 1912ರಲ್ಲಿ ಹವಾಯಿಯಲ್ಲಿ ವೀಕ್ಷಣಾಲಯ ಎದ್ದಿತು.

ಜಾವಾದ ಕೆಲುಟ್ ಬೆಟ್ಟದ ಬಾಯಲ್ಲಿ ಒಂದು ಕೆರೆ. 1919ರಲ್ಲಿ ಆ ನೀರು ಬೂದಿಯೊಡನೆ ಬೆರೆತು ಇಳಿದು ಐದು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಇಂಥ ಕೆಸರಿಗೆ ಜಾವಾದವರು ಹೇಳುವ ಲಾಹಾರ್ ಎಂಬ ಮಾತೇ ವಿಜ್ಞಾನದ ಪದವಾಯಿತು. ಡಚ್ ಸರ್ಕಾರ ಮರುವರ್ಷ ಜ್ವಾಲಾಮುಖಿ ಇಲಾಖೆ ತೆರೆದು, ಸುರಂಗ ಕೊರೆದು ಕೆರೆಯ ನೀರನ್ನು ಇಳಿಸಿತು.

ಸ್ಫೋಟದ ಗಾತ್ರ ಅಳೆಯಲು ಸೊನ್ನೆಯಿಂದ ಎಂಟರವರೆಗಿನ ಮಾನದಂಡ ಬಂದದ್ದು 1982ರಲ್ಲಿ. ಅದರ ತುದಿಯಲ್ಲಿರುವುದು ಸುಮಾರು 74 ಸಾವಿರ ವರ್ಷಗಳ ಹಿಂದಿನ ಸುಮಾತ್ರಾದ ಟೋಬಾ. ಅದರ ಬೂದಿ ಆಂಧ್ರದ ಜ್ವಾಲಾಪುರಂನಲ್ಲೂ ದಪ್ಪ ಪದರವಾಗಿ ಸಿಗುತ್ತದೆ. ಅಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಮೈಕಲ್ ಪೆಟ್ರಾಗ್ಲಿಯಾ ತಂಡ ಉತ್ಖನನ ನಡೆಸಿದಾಗ ಬೂದಿಯ ಕೆಳಗೂ ಮೇಲೂ ಒಂದೇ ಬಗೆಯ ಕಲ್ಲಿನ ಉಪಕರಣಗಳು ಸಿಕ್ಕವು. ಅಷ್ಟು ದೊಡ್ಡ ಸ್ಫೋಟದ ಆಚೆಗೂ ಇಲ್ಲಿನ ಜನ ಉಳಿದಿದ್ದರು ಎಂಬುದು ಆ ತಂಡದ ವಾದ.

ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ಅದೇ ಮಾನದಂಡದಲ್ಲಿ ಬರೀ ಮೂರು. 1985ರ ನವೆಂಬರ್ 13ರ ರಾತ್ರಿ ಅದರ ಶಿಖರದ ಹಿಮ ಕರಗಿ ಹೊರಟ ಕೆಸರು ಅರ್ಮೆರೊ ಊರನ್ನು ತಲುಪಲು ಎರಡೂವರೆ ಗಂಟೆ ತೆಗೆದುಕೊಂಡಿತು. ಊರು ಅಪಾಯದ ದಾರಿಯಲ್ಲಿದೆ ಎಂದು ತೋರಿಸುವ ನಕ್ಷೆ ಒಂದು ತಿಂಗಳ ಹಿಂದೆಯೇ ಸಿದ್ಧವಾಗಿತ್ತು. ಆದರೂ ಒಟ್ಟು 23 ಸಾವಿರ ಜನ ಸತ್ತರು. ವಿಜ್ಞಾನಕ್ಕೆ ಗೊತ್ತಿದ್ದೂ ನಡೆದ ಈ ಸಾವುಗಳನ್ನು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಆರು ವರ್ಷದ ಬಳಿಕ ಫಿಲಿಪ್ಪೀನ್ಸಿನ ಪಿನಟೂಬೊ ಎಚ್ಚೆತ್ತಾಗ ತಜ್ಞರು ಕಂಪನದ ಗೆರೆಗಳನ್ನಷ್ಟೇ ಓದುತ್ತ ಕೂರಲಿಲ್ಲ. ಜ್ವಾಲಾಮುಖಿ ವಿಜ್ಞಾನಿಗಳಾದ ಮೋರಿಸ್ ಮತ್ತು ಕತಿಯಾ ಕ್ರಾಫ್ಟ್ ದಂಪತಿ ತೆಗೆದ ವಿಡಿಯೊವನ್ನು ಅಧಿಕಾರಿಗಳಿಗೆ, ಊರವರಿಗೆ ತೋರಿಸುತ್ತ ತಿರುಗಿದರು. ಉರಿಮೋಡ ಎಂದರೇನು, ಕೆಸರು ಹೇಗೆ ಬರುತ್ತದೆ ಎಂಬುದನ್ನು ಜನ ಕಣ್ಣಾರೆ ಕಂಡರು. ಹತ್ತಾರು ಸಾವಿರ ಮಂದಿ ಜಾಗ ಬಿಟ್ಟರು. ಜೂನ್ 15ರಂದು ಆದದ್ದು ಇಪ್ಪತ್ತನೇ ಶತಮಾನದ ಎರಡನೇ ಅತಿ ದೊಡ್ಡ ಸ್ಫೋಟ. ಸತ್ತವರು ಕೆಲವು ನೂರು. ಅವರಲ್ಲಿ ಹೆಚ್ಚಿನವರ ಮೇಲೆ ಬಿದ್ದದ್ದು, ಚಂಡಮಾರುತದ ಮಳೆಗೆ ನೆನೆದ ಬೂದಿಯ ಭಾರ ತಾಳದ ಚಾವಣಿ. ಕ್ರಾಫ್ಟ್ ದಂಪತಿ ಹನ್ನೆರಡು ದಿನ ಮೊದಲು ಜಪಾನಿನ ಉನ್ಜೆನ್‌ನಲ್ಲಿ ಉರಿಮೋಡಕ್ಕೇ ಸಿಕ್ಕಿ ತೀರಿಕೊಂಡಿದ್ದರು.

2014ರ ಫೆಬ್ರವರಿ 13ರ ರಾತ್ರಿ ಕೆಲುಟ್ ಮತ್ತೆ ಸಿಡಿಯಿತು. ಸುಮಾರು ಒಂದೂವರೆ ಗಂಟೆ ಮುಂಚೆ ಅತ್ಯುನ್ನತ ಎಚ್ಚರಿಕೆ ಹೊರಟಿತ್ತು, ಹತ್ತು ಕಿಲೋಮೀಟರ್ ಒಳಗಿನವರೆಲ್ಲ ಹೊರಡಬೇಕೆಂಬ ಆದೇಶವಾಗಿತ್ತು. ಬೂದಿ ಇನ್ನೂರು ಕಿಲೋಮೀಟರ್ ಆಚೆಯ ಯೋಗ್ಯಕರ್ತದ ಬೀದಿಗಳನ್ನೂ ಮುಚ್ಚಿತು. 1919ರಲ್ಲಿ ಐದು ಸಾವಿರ ಜನರನ್ನು ಒಯ್ದ ಅದೇ ಬೆಟ್ಟ ಈ ಸಲ ಒಯ್ದವರು ಬೆರಳೆಣಿಕೆಯಷ್ಟು.