ತೆರೆಯ ಮೇಲಣ ಬೇಟೆ

ವೀಡಿಯೋ ಆಟಗಳ ಚರಿತ್ರೆಯನ್ನು 1958ರ ಅಕ್ಟೋಬರ್ ತಿಂಗಳಿನಿಂದ ಆರಂಭಿಸುವ ರೂಢಿಯುಂಟು. ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯವನ್ನು ನೋಡಬಂದ ಸಾರ್ವಜನಿಕರ ವಿನೋದಕ್ಕಾಗಿ ವಿಲಿಯಂ ಹಿಗಿನ್‌ಬಾಥಂ ಎಂಬ ಭೌತವಿಜ್ಞಾನಿ, ಆಸಿಲೋಸ್ಕೋಪಿನ ಪುಟ್ಟ ಗಾಜಿನ ಮೇಲೆ ಬೆಳಕಿನ ಚುಕ್ಕಿಯೊಂದನ್ನು ಚೆಂಡಾಗಿಸಿ ಟೆನಿಸ್ ಆಟವನ್ನು ರಚಿಸಿದರು. ಕ್ಷಿಪಣಿಯ ಪಥವನ್ನು ಗಣಿಸಬಲ್ಲ ಯಂತ್ರವೇ ಆ ಚೆಂಡಿನ ಪಥವನ್ನೂ ಗಣಿಸಿತು. ಯುದ್ಧಕಾಲದಲ್ಲಿ ಲಾಸ್ ಅಲಮೋಸಿನಲ್ಲಿ ಅಣುಬಾಂಬಿನ ವಿದ್ಯುನ್ಮಾನ ಕಾರ್ಯದಲ್ಲಿ ತೊಡಗಿದ್ದ ಹಿಗಿನ್‌ಬಾಥಂ, ಅನಂತರ ಅಣ್ವಸ್ತ್ರಗಳ ಪ್ರಸರಣವನ್ನು ತಡೆಯಲು ದೀರ್ಘಕಾಲ ಶ್ರಮಿಸಿದವರು. ಆಟಕ್ಕೆ ಅವರು ಪೇಟೆಂಟ್ ಕೂಡ ಪಡೆಯಲಿಲ್ಲ.

ನಾಲ್ಕು ವರ್ಷಗಳು ಕಳೆಯುವಷ್ಟರಲ್ಲಿ ಚಿತ್ರ ಬದಲಾಯಿತು. 1962ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ರೂಪಿಸಿದ 'ಸ್ಪೇಸ್‌ವಾರ್' ಆಟದಲ್ಲಿ ಎರಡು ಆಕಾಶನೌಕೆಗಳು ಪರಸ್ಪರ ಗುಂಡು ಹಾರಿಸುತ್ತಿದ್ದವು. 1972ರಲ್ಲಿ ರಾಲ್ಫ್ ಬೇರ್ ಅವರ ಕಲ್ಪನೆಯಿಂದ ಹುಟ್ಟಿದ 'ಒಡಿಸ್ಸಿ' ಯಂತ್ರ ಮನೆಯ ಟೆಲಿವಿಷನ್ನಿಗೆ ಆಟವನ್ನು ತಂದಿತು. ಅದೇ ವರ್ಷ ಅಟಾರಿ ಸಂಸ್ಥೆಯ 'ಪಾಂಗ್' ಕ್ಯಾಲಿಫೋರ್ನಿಯಾದ ಪಾನಗೃಹವೊಂದನ್ನು ಪ್ರವೇಶಿಸಿತು. ಯಂತ್ರ ಕೆಟ್ಟಿದೆಯೆಂಬ ದೂರು ಬಂದು ತೆರೆದು ನೋಡಿದರೆ, ನಾಣ್ಯದ ಪೆಟ್ಟಿಗೆ ತುಂಬಿ ತುಳುಕಿದ್ದೇ ದೋಷಕ್ಕೆ ಕಾರಣವಾಗಿತ್ತು! ಆಟವು ಪಾನಗೃಹದಿಂದ ಹೊರಟಿತೆಂಬುದನ್ನು ನೆನೆದರೆ ತಂದೆತಾಯಿಗಳ ಮೊದಲ ಸಂಶಯಗಳು ಅಕಾರಣವೆನಿಸುವುದಿಲ್ಲ.

ನಿಜವಾದ ಕೋಲಾಹಲವೆದ್ದುದು 1976ರಲ್ಲಿ. ಎಕ್ಸಿಡಿ ಎಂಬ ಸಂಸ್ಥೆಯು 'ಡೆತ್ ರೇಸ್' ಎಂಬ ಆಟವನ್ನು ಮಾರುಕಟ್ಟೆಗೆ ತಂದಿತು. ಆಡುವವನ ಕೈಯಲ್ಲಿ ವಾಹನದ ಚಕ್ರ, ಕಾಲಡಿಯಲ್ಲಿ ಪೆಡಲು. ತೆರೆಯ ಮೇಲೆ ಓಡಾಡುವ ಕಡ್ಡಿಯಂಥ ಆಕೃತಿಗಳನ್ನು ಕಾರಿನಿಂದ ಗುದ್ದಿ ಕೆಡಹುವುದೇ ಆಟ. ಪೆಟ್ಟು ತಗುಲಿದೊಡನೆ ಆಕೃತಿ ಚೀರುತ್ತಿತ್ತು. ಬಿದ್ದೆಡೆಯಲ್ಲಿ ಗೋರಿಯ ಶಿಲುಬೆಯೊಂದು ಮೂಡುತ್ತಿತ್ತು. ಅವು ಮನುಷ್ಯರಲ್ಲ, ಪಿಶಾಚಿಗಳು ಎಂದು ಸಂಸ್ಥೆ ಸಮಜಾಯಿಷಿ ನೀಡಿತು. ಪತ್ರಿಕೆಗಳು ಖಂಡಿಸಿದಷ್ಟೂ ಬೇಡಿಕೆ ಏರಿತೆಂಬುದು ವಿಷಾದದ ಸಂಗತಿ.

ಆಗ ಅಮೆರಿಕದ ರಾಷ್ಟ್ರೀಯ ಸುರಕ್ಷಾ ಮಂಡಳಿಯ ಮನೋವಿಜ್ಞಾನಿಯೊಬ್ಬರು ಮುಂದಿಟ್ಟ ಆಕ್ಷೇಪ ವಿಚಾರಾರ್ಹವಾದುದು. ಟೆಲಿವಿಷನ್ನಿನ ಹಿಂಸೆಯನ್ನು ಕಾಣುವವನು ಬರಿಯ ಪ್ರೇಕ್ಷಕ. ಇಲ್ಲಿಯಾದರೋ ಆತನೇ ಕ್ರಿಯೆಯ ಕರ್ತೃವಾಗುತ್ತಾನೆ ಎಂಬುದು ಅದರ ತಾತ್ಪರ್ಯ. ಕೃತ, ಕಾರಿತ, ಅನುಮತ ಎಂಬ ಮೂರು ಬಗೆಯನ್ನು ಬಲ್ಲ ಶ್ರಾವಕರಿಗೆ ಈ ಭೇದ ಹೊಸದಲ್ಲ. 1209ರ ಜನ್ನನ ಯಶೋಧರ ಚರಿತೆಯಲ್ಲಿ ಅರಸನು ಮಾತೆಯ ಒತ್ತಾಯಕ್ಕೆ ಮಣಿದು ಮಾರಿಗೆ ಬಲಿಕೊಟ್ಟುದು ಹಿಟ್ಟಿನ ಕೋಳಿಯನ್ನು. ಕತ್ತಿ ತಾಗಿದಾಗ ಆ ಕೋಳಿ ಕೂಗಿತು. ಸಂಕಲ್ಪಹಿಂಸೆಯ ಫಲವಾಗಿ ತಾಯಿಮಕ್ಕಳಿಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಿದರು. ಆದರೆ ಹೋಲಿಕೆಗೂ ಮಿತಿಯುಂಟು. ಯಶೋಧರನದು ದೇವಿಯ ತೃಪ್ತಿಗಾಗಿ ಬೇಕೆಂದೇ ಕೊಟ್ಟ ಬಲಿ. ನಾಣ್ಯ ಹಾಕಿದ ಹುಡುಗನಿಗೆ ಬೇಕಾದುದು ಅಂಕಗಳು. ಇಬ್ಬರ ಭಾವವೂ ಒಂದೇ ಎಂದು ದುಡುಕಿ ನುಡಿಯುವುದು ನ್ಯಾಯವಲ್ಲ.

ಆಟವನ್ನು ರಚಿಸುವವರಲ್ಲಿಯೂ ಈ ಅಳುಕು ಇತ್ತೆಂಬುದಕ್ಕೆ ಜಪಾನಿನ ನಿದರ್ಶನವಿದೆ. 1978ರಲ್ಲಿ ಟೈಟೊ ಸಂಸ್ಥೆಯ ತೊಮೊಹಿರೊ ನಿಶಿಕಾಡೊ ಅವರು 'ಸ್ಪೇಸ್ ಇನ್‌ವೇಡರ್ಸ್' ರಚಿಸಿದಾಗ, ಮನುಷ್ಯರನ್ನು ಗುರಿಯಾಗಿಸಿ ಗುಂಡು ಹಾರಿಸುವುದು ಸಂಸ್ಥೆಗೆ ಒಪ್ಪಿಗೆಯಾಗಲಿಲ್ಲ. ಆದ್ದರಿಂದ ಅನ್ಯಗ್ರಹದ ಜೀವಿಗಳು ಬಂದವು. ಗುರಿ ಬದಲಾಯಿತೇ ಹೊರತು ಗುಂಡು ನಿಲ್ಲಲಿಲ್ಲ. 1980ರಲ್ಲಿ ನಾಮ್ಕೊ ಸಂಸ್ಥೆಯ ತೊರು ಇವಾತಾನಿ ಸ್ತ್ರೀಯರನ್ನೂ ಆಕರ್ಷಿಸಬೇಕೆಂಬ ಉದ್ದೇಶದಿಂದ, ಬಂದೂಕನ್ನೇ ಕೈಬಿಟ್ಟು, ಚುಕ್ಕಿಗಳನ್ನು ನುಂಗುವ 'ಪ್ಯಾಕ್-ಮ್ಯಾನ್' ಅನ್ನು ರೂಪಿಸಿದರು. ಅದು ಲೋಕಪ್ರಿಯವಾದ ಪರಿಯನ್ನು ನೋಡಿದರೆ, ಆಟಕ್ಕೆ ಗುಂಡು ಅನಿವಾರ್ಯವೆಂಬ ವಾದ ನಿಲ್ಲದು.

ಸರ್ಕಾರಗಳು ಅಷ್ಟರಲ್ಲಿ ಎಚ್ಚೆತ್ತಿದ್ದವು. 1981ರಲ್ಲಿ ಫಿಲಿಪ್ಪೀನ್ಸಿನ ಅಧ್ಯಕ್ಷ ಮಾರ್ಕೋಸ್ ಈ ಆಟಗಳನ್ನು ನಿಷೇಧಿಸಿದರು. 1982ರ ನವೆಂಬರಿನಲ್ಲಿ ಅಮೆರಿಕದ ಸರ್ಜನ್ ಜನರಲ್ ಎವರೆಟ್ ಕೂಪ್, ಮಕ್ಕಳು ತನುಮನಗಳೆರಡರಿಂದಲೂ ಈ ಯಂತ್ರಗಳಿಗೆ ದಾಸರಾಗುತ್ತಿದ್ದಾರೆಂದು ನುಡಿದು, ಮರುದಿನವೇ ತಮ್ಮ ಮಾತಿಗೆ ವೈಜ್ಞಾನಿಕ ಆಧಾರವಿಲ್ಲವೆಂದು ಸ್ಪಷ್ಟಪಡಿಸಿದರು. ಮೊದಲ ಮಾತು ಬಹುಕಾಲ ಉಳಿಯಿತು. ಎರಡನೆಯದನ್ನು ಅನೇಕರು ಮರೆತರು. 'ಮಾರ್ಟಲ್ ಕಾಂಬ್ಯಾಟ್' ಆಟದ ರಕ್ತಪಾತವು 1993ರಲ್ಲಿ ಅಮೆರಿಕದ ಸೆನೆಟ್ಟಿನ ವಿಚಾರಣೆಗೆ ವಸ್ತುವಾಗಲು, ಮರುವರ್ಷ ಉದ್ಯಮವೇ ವಯಸ್ಸಿಗನುಗುಣವಾಗಿ ಆಟಗಳನ್ನು ವರ್ಗೀಕರಿಸುವ ಮಂಡಳಿಯನ್ನು ಸ್ಥಾಪಿಸಿತು.

ಹಿಂಸಾತ್ಮಕ ಆಟಗಳನ್ನು ಅಪ್ರಾಪ್ತವಯಸ್ಕರಿಗೆ ಮಾರಕೂಡದೆಂದು ಕ್ಯಾಲಿಫೋರ್ನಿಯಾ ರಾಜ್ಯ ಮಾಡಿದ್ದ ಕಾನೂನನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ರದ್ದುಗೊಳಿಸಿತು. ಆಟಗಳಿಂದಲೇ ಮಕ್ಕಳು ಹಿಂಸಾಚಾರಿಗಳಾಗುತ್ತಾರೆಂದು ಅಧ್ಯಯನಗಳು ಸಾಧಿಸಿಲ್ಲವೆಂಬುದು ಬಹುಮತದ ಅಭಿಪ್ರಾಯಗಳಲ್ಲೊಂದು. ಆಡುವ ಹೊತ್ತಿನಲ್ಲಿ ಮಗುವಿನ ಮನಸ್ಸಿನೊಳಗೆ ನಡೆಯುವುದೇನೆಂಬ ಪ್ರಶ್ನೆ ಬೇರೆಯದು. ಅದು ನ್ಯಾಯಾಲಯ ಬಿಡಿಸಬಹುದಾದುದಲ್ಲ. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಇಬ್ಬರು ಭಿನ್ನಮತವನ್ನು ಬರೆದರು. ಅವರಲ್ಲೊಬ್ಬರಾದ ಸ್ಟೀಫನ್ ಬ್ರೇಯರ್, ಪರವಾಗಿಯೂ ವಿರೋಧವಾಗಿಯೂ ಇದ್ದ ಅಧ್ಯಯನಗಳ ಪಟ್ಟಿಯನ್ನು ತಮ್ಮ ಭಿನ್ನಮತಕ್ಕೆ ಅನುಬಂಧವಾಗಿ ಲಗತ್ತಿಸಿದರು.